ಯಂತ್ರ ಮಾಡುವ ಮುಂಚೆ ರಿಪೇರಿ ಅಂಗಡಿಗೆ ಬನ್ನಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಫಿ ಕೊಯ್ಯುವ ಯಂತ್ರ ಮಾಡಿದ ಸುದ್ದಿ ಬಂದಿತ್ತು. ಜೊತೆಗೊಂದು ಫೋಟೊ. ನಾಲ್ಕು ಜನ ಹುಡುಗರು, ಒಬ್ಬಳು ಹುಡುಗಿ, ನಡುವೆ ಕುಂಡದಲ್ಲಿ ನೆಟ್ಟ ಕಾಫಿ ಗಿಡ. ಆ ಕುಂಡ ನೋಡಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ಮಕ್ಕಳನ್ನು ಹಂಗಿಸುವ ಉದ್ದೇಶ ನನಗಿಲ್ಲ. ವೆಲ್ಡಿಂಗ್ ಎಷ್ಟು ಅಚ್ಚುಕಟ್ಟಾಗಿದೆ ಎನ್ನುವುದು ಫೋಟೊದಲ್ಲೇ ಕಾಣುತ್ತದೆ. ಆದರೆ ಸುದ್ದಿಯ ಕೊನೆಗೆ ‘ಮುಂದಿನ ಹಂತದಲ್ಲಿ ಬೆಳೆಗಾರರ ಅಭಿಪ್ರಾಯ ಸಂಗ್ರಹಿಸಲಾಗುವುದು’ ಎಂದಿತ್ತು. ಮುಂದಿನ ಹಂತದಲ್ಲಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಹಳೇ ರೋಗ. ಹಾಗೆ ಹೊಲಿಸಿದ ಕುಲಾವಿಗಳು ಕೊನೆಗೆ ಎಲ್ಲಿಗೆ ಬಂದು ಬೀಳುತ್ತವೆ ಎಂದು ಕೇಳಿದರೆ, ನನ್ನ ಅಂಗಡಿಯ ಅಟ್ಟಕ್ಕೆ.

ಆಲ್ದೂರಿನಲ್ಲಿ ಬಾಳೆಹೊನ್ನೂರು ರಸ್ತೆಯ ಬದಿಗೆ 33 ವರ್ಷದಿಂದ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಓದಿದ್ದು ಐಟಿಐ ಫಿಟ್ಟರ್. ಸ್ಪ್ರೇಯರ್, ಕಳೆ ಮಿಷನ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ನೀರಿನ ಮೋಟರ್, ಮರ ಕೊಯ್ಯುವ ಗರಗಸ, ಒಮ್ಮೊಮ್ಮೆ ಮಿಕ್ಸಿ ಕೂಡ, ಕೆಟ್ಟದ್ದೆಲ್ಲ ಬರುತ್ತದೆ. ಅಟ್ಟದ ಮೇಲಿರುವುದು ಕೆಟ್ಟ ಯಂತ್ರಗಳಲ್ಲ. ಅಲ್ಲಿರುವುವೆಲ್ಲ ಕೆಡುವಷ್ಟು ಬಳಕೆಯೇ ಆಗದ ಯಂತ್ರಗಳು. ಮಾಲೀಕರು ‘ಇದನ್ನ ಬಿಚ್ಚಿ ಏನಾದ್ರೂ ಬಂದ್ರೆ ಉಪಯೋಗಿಸ್ಕೊ ಮಾರಾಯ’ ಎಂದು ಬಿಟ್ಟು ಹೋದದ್ದು. ಕಾಳುಮೆಣಸು ಬಿಡಿಸುವ ಒಂದು ಡಬ್ಬ, ಗುಂಡಿ ತೋಡುವ ಒಂದು ಅಗರು, ಗಿಡದ ಬುಡಕ್ಕೆ ಅಳತೆಯಲ್ಲಿ ಗೊಬ್ಬರ ಉದುರಿಸುವ ಒಂದು ಕೊಳವೆ. ಇವುಗಳ ಪಕ್ಕದಲ್ಲೇ ಒಂದು ಕಾಫಿ ಕೊಯ್ಯುವ ಯಂತ್ರವೂ ಇದೆ. ಅದರ ಕಥೆ ಹೇಳಿದರೆ ನನ್ನ ಮಾತು ಅರ್ಥವಾದೀತು.

ಎರಡು ವರ್ಷದ ಹಿಂದೆ, ಡಿಸೆಂಬರ್ ಮೊದಲ ವಾರ. ಬೆಂಗಳೂರಿನಿಂದ ಮೂವರು ಹುಡುಗರು ಕಾರಿನಲ್ಲಿ ಬಂದರು. ಕಂಪನಿಯ ಹೆಸರು ಬೇಡ, ಈಗ ಅದು ಇದೆಯೋ ಇಲ್ಲವೋ. ಮಾಗುಂಡಿ ಕಡೆಯ ಪರಿಚಯದ ಬೆಳೆಗಾರರೊಬ್ಬರ ತೋಟದಲ್ಲಿ ಯಂತ್ರ ತೋರಿಸುವುದಿತ್ತು. ಏನಾದರೂ ಕೈಕೊಟ್ಟರೆ ಇರಲಿ ಎಂದು ಆ ಬೆಳೆಗಾರರು ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಯಂತ್ರ ಅಂದರೆ ಒಂದು ಕೋಲು, ತುದಿಗೆ ಪ್ಲಾಸ್ಟಿಕ್ಕಿನ ಬೆರಳುಗಳು, ಸೊಂಟಕ್ಕೆ ಬ್ಯಾಟರಿ. ಗುಂಡಿ ಒತ್ತಿದರೆ ಬೆರಳುಗಳು ನಡುಗುತ್ತವೆ, ರೆಂಬೆಯ ಹಣ್ಣು ಉದುರುತ್ತದೆ. ಕೆಳಗೆ ಬಲೆ ಹಾಸಬೇಕು.

ತೋಟದಲ್ಲಿ ಹತ್ತು ಹನ್ನೆರಡು ಜನ ಹೆಂಗಸರು ಅರೇಬಿಕಾ ಜಾತಿಯ ಕಾಫಿ ಕೊಯ್ಯುತ್ತಿದ್ದರು. ಇಬ್ಬನಿ ಇನ್ನೂ ಆರಿರಲಿಲ್ಲ. ಹುಡುಗರಲ್ಲಿ ಒಬ್ಬ ಹಿರಿಯಾಕೆಯೊಬ್ಬರನ್ನು ‘ಆಂಟಿ, ಸ್ವಲ್ಪ ಬನ್ನಿ’ ಎಂದು ಕರೆದ. ಉಳಿದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅಕ್ಕ ಬಂದರು. ಸೀರೆ, ಮೇಲೊಂದು ಗಂಡಸರ ತುಂಬು ತೋಳಿನ ಅಂಗಿ, ತಲೆಗೆ ಟವೆಲು, ಸೊಂಟಕ್ಕೆ ಹಣ್ಣು ತುಂಬುವ ಚೀಲ. ಬ್ಯಾಟರಿ ಕಟ್ಟುವ ಪಟ್ಟಿ ಹಿಡಿದು ಹುಡುಗ ಅವರ ಸುತ್ತ ಒಂದು ಸುತ್ತು ಬಂದ. ಕಟ್ಟಲು ಜಾಗ ಎಲ್ಲಿದೆ? ಸೊಂಟದಲ್ಲಿ ಆಗಲೇ ಚೀಲ ಇದೆ. ಕೊಯ್ಲಿನವರ ಸೊಂಟ ಖಾಲಿ ಇರುವುದಿಲ್ಲ ಎನ್ನುವುದು ಆ ಯಂತ್ರ ಬರೆದ ಮೇಜಿನ ಮೇಲೆ ಯಾರಿಗೂ ಹೊಳೆದಿಲ್ಲ. ಕೊನೆಗೆ ಬ್ಯಾಟರಿಯನ್ನು ಹೆಗಲಿಗೆ ತೂಗುಹಾಕಿದರು. ಬಗ್ಗಿದಾಗಲೆಲ್ಲ ಅದು ಮುಂದಕ್ಕೆ ಜಾರಿ ಬಂದು ಮೊಣಕೈಗೆ ಬಡಿಯುತ್ತಿತ್ತು.

ಗುಂಡಿ ಒತ್ತಿದರು. ಹಣ್ಣು ಉದುರಿತು, ಸುಳ್ಳು ಹೇಳಬಾರದು. ಹಣ್ಣಿನ ಜೊತೆ ದೋರೆಯೂ ಉದುರಿತು, ಹಸಿ ಕಾಯಿಯೂ ಉದುರಿತು, ಎಲೆಯೂ ಉದುರಿತು. ಕಾಫಿ ಬೆಳೆಯದ ಕಡೆಯ ಓದುಗರಿಗೆ ಒಂದು ಮಾತು: ಅರೇಬಿಕಾ ಒಂದೇ ಸಲ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಕೆಂಪು, ಅರೆಗೆಂಪು, ಹಸಿರು ಮೂರೂ ಇರುತ್ತವೆ. ಅದಕ್ಕೇ ಮೊದಲು ಅಲ್ಲೊಂದು ಇಲ್ಲೊಂದು ಹಣ್ಣು ಆಯ್ದು, ಆಮೇಲೆ ದೊಡ್ಡ ಕೊಯ್ಲು, ಕಡೆಗೆ ಉಳಿದದ್ದನ್ನು ಉಜ್ಜಿ ತೆಗೆಯುವುದು, ಹೀಗೆ ಮೂರು ನಾಲ್ಕು ಸುತ್ತು ಆಗುತ್ತದೆ. ಅಕ್ಕನ ಕೈ ನಾನು ನೋಡುತ್ತಿದ್ದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಣ್ಣು ಹಿಡಿದು ಒಂದು ಚೂರು ತಿರುಚುತ್ತಾರೆ. ಹಣ್ಣು ಅಂಗೈಗೆ ಬರುತ್ತದೆ, ತೊಟ್ಟು ಗಿಡದಲ್ಲೇ ನಿಲ್ಲುತ್ತದೆ. ಪಕ್ಕದ ಹಸಿಕಾಯಿ ಅಲುಗುವುದೂ ಇಲ್ಲ. ಆ ಕೈ ನಿಧಾನ ಎಂದು ಆ ಹುಡುಗರಿಗೆ ಯಾರು ಹೇಳಿದರೋ!

ಬಲೆಯ ಕಥೆ ಬೇರೆ. ಇಳಿಜಾರಿನಲ್ಲಿ ಬಲೆ ಹಾಸಿದರೆ ಹಣ್ಣು ಬಲೆಯಲ್ಲಿ ನಿಲ್ಲುತ್ತದೆಯೇ? ಉರುಳಿ ಕೆಳಗಿನ ಗಿಡದ ಬುಡಕ್ಕೆ ಹೋಯಿತು. ನಮ್ಮ ತೋಟಗಳಲ್ಲಿ ಸಮತಟ್ಟು ಜಾಗ ಇರುವುದು ಕಣದಲ್ಲಿ ಮಾತ್ರ.

ಕಾಲು ಗಂಟೆ ಆಡಿಸಿದ ಮೇಲೆ ಹುಡುಗ ಕೇಳಿದ, ‘ಹೇಗಿದೆ ಆಂಟಿ?’

‘ಚೆನ್ನಾಗಿದೆ ಸಾರ್’ ಎಂದು ಅಕ್ಕ ಯಂತ್ರವನ್ನು ನೆಲಕ್ಕೆ ಇಟ್ಟು, ತಮ್ಮ ಸಾಲಿಗೆ ಹೋಗಿ ಕೈಯಲ್ಲಿ ಕೊಯ್ಯಲು ಶುರು ಮಾಡಿದರು.

ಹುಡುಗ ಫಾರಂ ತೆಗೆದು ‘ಚೆನ್ನಾಗಿದೆ’ ಎಂದು ಬರೆದುಕೊಂಡ. ನನ್ನ ಕಣ್ಣೆದುರೇ ಬರೆದುಕೊಂಡ. ಕೆಳಗೆ ಇಟ್ಟ ಯಂತ್ರ ಅವನ ಫಾರಂನಲ್ಲಿ ಎಲ್ಲೂ ಇರಲಿಲ್ಲ. ಧಣಿ ಪಕ್ಕದಲ್ಲಿ ನಿಂತಿದ್ದಾರೆ, ಬೆಂಗಳೂರಿನಿಂದ ಬಂದ ಹುಡುಗರು ಬೆವರುತ್ತಿದ್ದಾರೆ, ಯಾರು ತಾನೇ ಚೆನ್ನಾಗಿಲ್ಲ ಎನ್ನುತ್ತಾರೆ? ನಮ್ಮ ಕಡೆ ಮನೆಗೆ ಬಂದವರ ಮುಖ ಮುರಿಯುವಂತೆ ಮಾತಾಡುವುದಿಲ್ಲ. ಅದೂ ಅಲ್ಲದೆ ಅದು ಕೆ.ಜಿ. ಲೆಕ್ಕದ ಕೊಯ್ಲು. ಹುಡುಗರ ಜೊತೆ ಕಳೆದ ಆ ಹೊತ್ತಿನಲ್ಲಿ ಅಕ್ಕನ ಚೀಲಕ್ಕೆ ಒಂದು ಹಣ್ಣೂ ಬಿದ್ದಿರಲಿಲ್ಲ. ಬೇಗ ‘ಚೆನ್ನಾಗಿದೆ’ ಎಂದರೆ ಬೇಗ ಬಿಡುಗಡೆ. ಆ ಫಾರಂನಲ್ಲಿ ಇನ್ನೊಂದು ಪ್ರಶ್ನೆಯಿತ್ತು: ‘ಇಂಥ ಯಂತ್ರ ಸಿಕ್ಕರೆ ಕೊಳ್ಳುವಿರಾ?’ ಆ ದಿನ ಸುತ್ತಲಿನ ಆರೇಳು ಬೆಳೆಗಾರರು ‘ಹೌದು’ ಎಂದು ಗುರುತು ಹಾಕಿದರು. ನನಗೆ ತಿಳಿದಂತೆ ಒಬ್ಬರೂ ಕೊಳ್ಳಲಿಲ್ಲ. ತೋರಿಸಲು ಬಿಟ್ಟು ಹೋದ ಒಂದೇ ಯಂತ್ರ ನನ್ನ ಅಟ್ಟ ಹತ್ತಿತು.

ಮೂವರಲ್ಲಿ ಕಿರಿಯ ಹುಡುಗ ಸ್ವಲ್ಪ ಬೇರೆ. ಊಟದ ಹೊತ್ತಿನಲ್ಲಿ ಧಣಿ ಆ ಕಡೆ ಹೋದಾಗ, ಅವನು ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಂತ್ರದ ಮಾತೇ ಎತ್ತದೆ, ‘ಅಮ್ಮ, ಬೆಳಿಗ್ಗೆಯಿಂದ ಸಂಜೆವರೆಗೆ ಯಾವುದು ತುಂಬ ಕಷ್ಟ?’ ಎಂದು ಕೇಳಿದ. ಅಕ್ಕ ತಡವರಿಸಲೇ ಇಲ್ಲ. ‘ಚೀಲ ಹೊರೋದು.’ ಕೊಯ್ಲಿಗಿಂತ ಕೊಯ್ದದ್ದನ್ನು ಆ ಇಳಿಜಾರಿನಿಂದ ಮೇಲಿನ ರಸ್ತೆಗೆ, ತೂಕ ಹಾಕುವ ಜಾಗಕ್ಕೆ ಹೊತ್ತು ಹಾಕುವುದು ಕಷ್ಟ. ಆಮೇಲೆ ಇನ್ನೊಬ್ಬಾಕೆ ಕೈ ಚಾಚಿ ಮೊಣಕೈ ಮೇಲಿನ ಕೆಂಪು ಗುಳ್ಳೆಗಳನ್ನು ತೋರಿಸಿದರು. ಕೆಂಜಿಗ, ಅಂದರೆ ಕಚ್ಚುವ ಕೆಂಪಿರುವೆ. ಮರದ ಗೂಡಿನಿಂದ ಇಳಿದು ಕಾಫಿ ಗಿಡಕ್ಕೂ ಬರುತ್ತವೆ, ರೆಂಬೆ ಎಳೆದರೆ ಮೈಮೇಲೆ ಸುರಿಯುತ್ತವೆ. ತುಂಬು ತೋಳಿನ ಗಂಡಸರ ಅಂಗಿ ಯಾಕೆ ಎನ್ನುವುದಕ್ಕೆ ಉತ್ತರ ಅದು.

ಚೀಲ ಮೇಲಕ್ಕೆ ಎಳೆಯುವ ಒಂದು ಸರಳ ವ್ಯವಸ್ಥೆ, ಕೆಂಜಿಗ ಒಳಗೆ ನುಗ್ಗದಂಥ ಒಂದು ತೋಳು ಮಾಡಿಕೊಟ್ಟಿದ್ದರೆ ಆ ಕಂಪನಿಗೆ ಬ್ಯಾಟರಿಯೂ ಬೇಕಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ದುಡ್ಡೆಲ್ಲ ನಡುಗುವ ಬೆರಳಿಗೆ ಖರ್ಚಾಗಿತ್ತು. ಆ ಹುಡುಗ ಮರಳಿ ಹೋಗುವಾಗ ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತ, ‘ಅಣ್ಣ, ಈ ಪ್ರಶ್ನೆ ಒಂದು ವರ್ಷ ಮುಂಚೆ ಕೇಳಬೇಕಿತ್ತು’ ಎಂದ. ಅವನ ಮುಖ ನೆನಪಿದೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಜನಕ್ಕೆ ಏನು ಬೇಕು ಎಂದು ಬಾಯಿ ಬಿಟ್ಟು ಕೇಳಿದರೆ ಸಿಗುವ ಉತ್ತರ ಅಷ್ಟಕ್ಕಷ್ಟೇ. ಆದರೆ ಅವರು ಕೊಂಡ ಯಂತ್ರಕ್ಕೆ ತಾವೇ ಏನು ಮಾಡಿಕೊಂಡಿದ್ದಾರೆ ನೋಡಿ, ಅಲ್ಲಿ ಎಲ್ಲ ಬರೆದಿರುತ್ತದೆ. ಅಂಗಡಿಗೆ ಬರುವ ಯಾವ ಯಂತ್ರವೂ ಫ್ಯಾಕ್ಟರಿಯಿಂದ ಹೊರಟ ಹಾಗೆ ಇರುವುದಿಲ್ಲ. ಹಗ್ಗ, ಸೈಕಲ್ ಟ್ಯೂಬು, ಗೋಣಿ, ತಂತಿ, ಎಂಸೀಲು, ಏನಾದರೂ ಒಂದು ಸೇರಿರುತ್ತದೆ. ಅದನ್ನು ನಾವು ಮೆಕ್ಯಾನಿಕ್‌ಗಳು ಮೊದಲು ಕಿತ್ತು ಬಿಸಾಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಆಮೇಲೆ ನಿಧಾನಕ್ಕೆ ತಲೆಗೆ ಹೊಳೆಯಿತು: ಕಿತ್ತು ಕೊಟ್ಟ ಮೂರು ತಿಂಗಳಿಗೆ ಅದೇ ಗೋಣಿ ಅದೇ ಜಾಗದಲ್ಲಿ ವಾಪಸು ಬರುತ್ತದೆ.

ಒಂದು ಬೆನ್ನಿಗೆ ಹಾಕುವ ಸ್ಪ್ರೇಯರನ್ನೇ ತೆಗೆದುಕೊಳ್ಳಿ. 16 ಲೀಟರಿನದು. ತುಂಬಿದರೆ 20 ಕೆ.ಜಿ. ದಾಟುತ್ತದೆ. ಮಳೆಗಾಲದ ಮುಂಚೆ ಗಿಡಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಇದೇ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಎಷ್ಟು ಸೋಸಿದರೂ ಗಸಿ ಉಳಿಯುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಕಂಪನಿಯವರು ಟ್ಯಾಂಕಿನ ಬಾಯಿಗೆ ಜಾಲರಿ ಕೊಟ್ಟಿರುತ್ತಾರೆ. ಅದು ಎಷ್ಟು ಸಣ್ಣ ಅಂದರೆ, ಒಂದು ಕೊಡ ಸುರಿಯಲು ಐದು ನಿಮಿಷ ನಿಲ್ಲಬೇಕು. ಸಾಲಿನಲ್ಲಿ ನಾಲ್ಕು ಜನ ಕಾಯುತ್ತಿದ್ದರೆ ಯಾರು ನಿಲ್ಲುತ್ತಾರೆ? ಜಾಲರಿ ಮೊದಲ ದಿನವೇ ಹೋಗುತ್ತದೆ. ಬದಲಿಗೆ ಹಳೇ ಪಂಚೆಯ ತುಂಡನ್ನು ಡ್ರಮ್ಮಿನ ಬಾಯಿಗೆ ಕಟ್ಟಿ, ಅಲ್ಲೇ ಸೋಸಿ ತುಂಬುತ್ತಾರೆ. ಕಂಪನಿಯವರ ಲೆಕ್ಕದಲ್ಲಿ ಇದು ‘ಗ್ರಾಹಕರ ಅಜಾಗರೂಕತೆ’. ನನ್ನ ಲೆಕ್ಕದಲ್ಲಿ, ಸೋಸುವ ಕೆಲಸ ಟ್ಯಾಂಕಿನಲ್ಲಲ್ಲ, ಡ್ರಮ್ಮಿನಲ್ಲಿ ಆಗಬೇಕು ಎಂದು ಜನ ಬರೆದುಕೊಟ್ಟ ನಕ್ಷೆ.

ಅದೇ ಸ್ಪ್ರೇಯರಿನ ಒಳಗೆ ಒಂದು ಕಡೆ ಕಬ್ಬಿಣದ ಸ್ಪ್ರಿಂಗ್ ಇಟ್ಟಿದ್ದರು ಒಂದು ಕಂಪನಿಯವರು. ಬೋರ್ಡೋ ಸರಿಯಾಗಿದೆಯೇ ಎಂದು ನೋಡಲು ನಮ್ಮ ರೈಟರುಗಳು, ಅಂದರೆ ತೋಟದ ಮೇಲ್ವಿಚಾರಕರು, ಕತ್ತಿಯ ತುದಿ ಅದ್ದುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ. ತೋಟದ ಹುಡುಗನಿಗೂ ಗೊತ್ತಿರುವ ವಿಷಯ, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಆ ವರ್ಷ ನಾನು ಒಂದೇ ಸೀಸನ್ನಿನಲ್ಲಿ ಎಷ್ಟು ಸ್ಪ್ರಿಂಗ್ ಬದಲಾಯಿಸಿದೆನೋ ಲೆಕ್ಕವಿಲ್ಲ. ನನಗೆ ಲಾಭವೇ ಆಯಿತು ಅನ್ನಿ.

ಕಳೆ ಮಿಷನ್ನಿನದು ಇನ್ನೂ ಚೆಂದ. ಎಂಜಿನ್ ಶುರು ಮಾಡುವಾಗ ಬಳಸುವ ಚೋಕಿನ ಹತ್ತಿರ ಇರುವ ಚಿತ್ರ ಒಂದು ಮಳೆಗಾಲಕ್ಕೆ ಅಳಿಸಿ ಹೋಗುತ್ತದೆ. ಈಗ ತೋಟಗಳಲ್ಲಿ ಅಸ್ಸಾಮಿನ ಕಡೆಯ ಹುಡುಗರೂ ಕೆಲಸಕ್ಕಿದ್ದಾರೆ, ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ ಅವರಿಗೆ ಒಂದೇ. ಒಂದು ದಿನ ರಿಪೇರಿಗೆ ಬಂದ ಮಿಷನ್ನಿನ ಚೋಕಿನ ಮೇಲೆ ಗುಲಾಬಿ ಬಣ್ಣದ ಚುಕ್ಕೆ, ಪಕ್ಕದ ಸ್ವಿಚ್ಚಿಗೆ ಎರಡು ಚುಕ್ಕೆ. ಮುಟ್ಟಿ ನೋಡಿದರೆ ಉಗುರಿನ ಬಣ್ಣ. ಮೊದಲು ಒಂದು ಚುಕ್ಕೆ, ಆಮೇಲೆ ಎರಡು ಚುಕ್ಕೆ. ಕಂಪನಿಯ ಪುಸ್ತಕದ ನಾಲ್ಕು ಪುಟ ಆ ಮೂರು ಚುಕ್ಕೆಯಲ್ಲಿತ್ತು. ಇನ್ನು ಎಣ್ಣೆ ಅಳತೆ. ಪೆಟ್ರೋಲಿಗೆ ಎಣ್ಣೆ ಬೆರೆಸದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಂಪನಿ ಕೊಡುವ ಗೆರೆ ಹಾಕಿದ ಬಾಟಲಿ ವಾರದಲ್ಲಿ ಕಾಣೆ. ಕಾಣೆಯಾಗದೆ ಇರುವುದು ಕೆಮ್ಮಿನ ಸಿರಪ್ಪಿನ ಮುಚ್ಚಳ. ಹತ್ತು ಎಂಎಲ್ ಗೆರೆ ಇರುತ್ತದೆ, ನಾಲ್ಕು ಮುಚ್ಚಳಕ್ಕೆ ಒಂದು ಲೀಟರ್ ಪೆಟ್ರೋಲು. ಅದಕ್ಕೆ ತೂತು ಕೊರೆದು ದಾರ ಪೋಣಿಸಿ ಹಿಡಿಕೆಗೆ ಕಟ್ಟಿದ್ದರು ಒಬ್ಬರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ಅಳತೆಯ ಬಟ್ಟಲಾದರೆ ಆಗದೇ ಎಂದು ಯಾರಾದರೂ ಅವರನ್ನು ನೋಡಿ ಯೋಚಿಸಬಹುದಿತ್ತು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ಕೆಲಸವೇ ಇದಂತೆ. ಒಂದು ಆ್ಯಪ್ ಮಾಡುವ ಮುಂಚೆ ಅದನ್ನು ಬಳಸುವವರ ಮನೆಗೆ, ಅಂಗಡಿಗೆ ಹೋಗಿ ಕೂತು ನೋಡುವುದು. ಇದಕ್ಕೆ ಸಂಬಳ ಕೊಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ದೀಪಾವಳಿಗೆ ಬಂದಾಗ ನನ್ನ ಬೆಂಚಿನ ಮೇಲೆ ಅರ್ಧ ದಿನ ಕೂತಳು. ‘ಮಾವ, ಮುಂದೆ ಏನು ಮಾಡ್ತೀರಿ ಅಂತ ಕೇಳಬಾರದು, ಹೋದ ಸಲ ಏನು ಮಾಡಿದ್ರಿ ಅಂತ ಕೇಳಬೇಕು’ ಎಂದು ತಮ್ಮ ಕಸುಬಿನ ಮೊದಲ ಪಾಠ ಹೇಳಿದಳು. ‘ಕೊಳ್ಳುವಿರಾ’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಹೋದ ಕೊಯ್ಲಿನಲ್ಲಿ ಇದಕ್ಕೆ ಏನು ಮಾಡಿದ್ರಿ, ಎಷ್ಟು ಖರ್ಚಾಯ್ತು’ ಎಂದರೆ ನಿಜ ಹೊರಬರುತ್ತದೆ. ಉಗುರುಬಣ್ಣದ ಚುಕ್ಕೆ ತೋರಿಸಿದಾಗ ಕುಣಿದಾಡಿಬಿಟ್ಟಳು. ಅಮೆರಿಕದ ಎಂಐಟಿಯಲ್ಲಿ ಎರಿಕ್ ವಾನ್ ಹಿಪ್ಪೆಲ್ ಎಂಬ ಪ್ರೊಫೆಸರು 1986ರಲ್ಲೇ ಇದರ ಬಗ್ಗೆ ಬರೆದಿದ್ದಾರಂತೆ. ಉಳಿದವರಿಗೆ ನಾಳೆ ಬರುವ ತೊಂದರೆ ಕೆಲವರಿಗೆ ಇವತ್ತೇ ಬಂದಿರುತ್ತದೆ, ಕಾಯಲಾಗದೆ ಅವರೇ ಏನೋ ಒಂದು ಮಾಡಿಕೊಂಡಿರುತ್ತಾರೆ, ಹೊಸ ವಸ್ತು ಮಾಡುವವರು ಮೊದಲು ಅವರನ್ನು ಹುಡುಕಬೇಕು ಎಂದು. ‘ಅವರೆಲ್ಲ ನನ್ನ ಗಿರಾಕಿಗಳೇ ಕಣೇ’ ಎಂದೆ.

ದೂರ ಯಾಕೆ, ಘಟ್ಟದ ಕೆಳಗೆ ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕರೊಬ್ಬರು ಅಡಿಕೆ ಮರ ಹತ್ತುವ ಬೈಕು ಮಾಡಿದ್ದನ್ನು 2019ರಲ್ಲಿ ದೇಶವೇ ವಿಡಿಯೊದಲ್ಲಿ ನೋಡಿತು. ಮರ ಹತ್ತುವ ಆಳು ಸಿಗದ ಸಂಕಟ ಅವರ ಸ್ವಂತದ್ದು. ಅವರು ಯಾರಿಗೂ ಫಾರಂ ಹಂಚಬೇಕಿರಲಿಲ್ಲ.

ಆದರೆ ಎಲ್ಲರೂ ತಮ್ಮ ಸಂಕಟಕ್ಕೆ ತಾವೇ ಯಂತ್ರ ಮಾಡಿಕೊಳ್ಳಲಾಗುವುದಿಲ್ಲ. ಬೇರೆಯವರಿಗಾಗಿ ಮಾಡುವವರು ಎಡವಿದ್ದು, ಎಡವಿ ಸರಿ ಮಾಡಿಕೊಂಡದ್ದು ಎರಡೂ ನಮ್ಮ ದೇಶದಲ್ಲಿದೆ. ನಾನು ಹುಟ್ಟಿದ್ದು ಕಡೂರಿನ ಬಯಲು ಕಡೆ. ಚಿಕ್ಕಂದಿನಲ್ಲಿ ಬೋರಿಂಗ್ ಪಂಪು ಅಂದರೆ ಕೆಟ್ಟು ನಿಂತ ಬೀಡು ಕಬ್ಬಿಣದ ಪಂಪು, ಪಕ್ಕದಲ್ಲಿ ಖಾಲಿ ಕೊಡಗಳ ಸಾಲು. ಆಗ ಇದ್ದದ್ದೆಲ್ಲ ಯುರೋಪು, ಅಮೆರಿಕದ ತೋಟದ ಮನೆಗಳ ಪಂಪಿನ ನಕಲು. ಒಂದು ಮನೆಯವರು ದಿನಕ್ಕೆ ನಾಲ್ಕಾರು ಸಲ ಒತ್ತುವುದಕ್ಕೆ ಮಾಡಿದ್ದು. ಇಲ್ಲಿ ಇಡೀ ಊರು ಕೋಳಿ ಕೂಗಿದಾಗಿನಿಂದ ರಾತ್ರಿವರೆಗೆ ಒತ್ತಿದರೆ ಉಳಿಯುತ್ತದೆಯೇ? ಇದನ್ನು ಮೊದಲು ಅರ್ಥ ಮಾಡಿಕೊಂಡವರು ಮಹಾರಾಷ್ಟ್ರದ ಜಾಲ್ನಾ, ಸೋಲಾಪುರದ ಕಡೆ ಬೋರ್‌ವೆಲ್ ಕೊರೆದು ಪಂಪು ರಿಪೇರಿ ಮಾಡುತ್ತಿದ್ದ ಮಿಷನ್ ವರ್ಕ್‌ಶಾಪಿನವರು. ಅವರು ಉಕ್ಕಿನಲ್ಲಿ ಕಟ್ಟಿದ ಪಂಪೇ ಮುಂದೆ 1970ರ ದಶಕದಲ್ಲಿ ಯುನಿಸೆಫ್ ನೆರವಿನಲ್ಲಿ ಇಂಡಿಯಾ ಮಾರ್ಕ್-2 ಆಯಿತು. ಊರ ಶಾಲೆಯ ಎದುರು ಈಗಲೂ ಕಾಣುವ, ಹಿಡಿಕೆಗೆ ಸರಪಳಿ ಜೋಡಿಸಿರುವ ಆ ಪಂಪು ಅದೇ. ರಿಪೇರಿಯವರ ಕೈಯಲ್ಲಿ ಹುಟ್ಟಿದ್ದು ಎಂದು ತಿಳಿದಾಗ ನನಗೆ ಒಂದು ಸುತ್ತು ಹೆಮ್ಮೆ ಜಾಸ್ತಿಯಾಯಿತು.

ಎಡವಿದ್ದಕ್ಕೆ ಉದಾಹರಣೆ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿ. ಇದೂ ಸೊಸೆ ಹೇಳಿದ್ದೇ. ನಮ್ಮ ಕಡೆ ತಂಗಿಯ ಮಗಳೂ ಸೊಸೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು, ವಿಜ್ಞಾನ ಹಳ್ಳಿಗೆ ಹೋಗಲಿ ಎಂದು. ಪುರದಲ್ಲಿ ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಗ್ಯಾಸ್ ಕೊಡುವ ಯೋಜನೆ. ಗ್ಯಾಸ್ ಸಾಲಲಿಲ್ಲ. ಸೌದೆ ಜನಕ್ಕೆ ದುಡ್ಡಿಲ್ಲದೆ ಸಿಗುತ್ತಿತ್ತು. ಅವರಿಗೆ ನಿಜಕ್ಕೂ ಬೇಕಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಹಟ ಹಿಡಿಯಲಿಲ್ಲ, ತಪ್ಪು ಒಪ್ಪಿಕೊಂಡು ಬರೆದರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್ ನೀರು ಮೇಲೆತ್ತಿ ಮನೆಗಳಿಗೆ ಕೊಡಲು ಶುರು ಮಾಡಿದರು. ಆಗ ಜನ ಸಗಣಿ ತಂದು ಸುರಿದರು. ಅಷ್ಟು ದೊಡ್ಡ ವಿಜ್ಞಾನಿಗಳಿಗೇ ಹೀಗಾಯಿತೆಂದರೆ ಎರಡು ಸೆಮಿಸ್ಟರಿನ ಪ್ರಾಜೆಕ್ಟು ಯಾವ ಲೆಕ್ಕ.

ಒಂದು ಗಂಭೀರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತೋಟದ ವಸ್ತುಗಳಲ್ಲಿ ಕೊಳ್ಳುವವರು ಬೇರೆ, ಬಳಸುವವರು ಬೇರೆ. ಕಾಳುಮೆಣಸಿನ ಏಣಿ ನೋಡಿ. ಮೊದಲೆಲ್ಲ ಒಂಟಿ ಬಿದಿರು, ಅದಕ್ಕೆ ತೂತು ಕೊರೆದು ಅಡ್ಡಗೂಟ. ಹೊಸಬರಿಗೆ ಒಂದೇ ಕಾಲಿನ ಏಣಿ ನೋಡಿದರೆ ನಗು. ಆದರೆ ಇಳಿಜಾರಿನಲ್ಲಿ ಎರಡು ಕಾಲಿನ ಏಣಿಗೆ ಎರಡೂ ಕಾಲು ಒಂದೇ ಮಟ್ಟದಲ್ಲಿ ಕೂರುವುದಿಲ್ಲ, ಒಂಟಿ ಕಾಲು ಎಲ್ಲಿ ಊರಿದರೂ ಕೂರುತ್ತದೆ. ಬಿದಿರು ಒಂದೆರಡು ವರ್ಷಕ್ಕೆ ಹುಳ ಹಿಡಿಯುತ್ತದೆ, ಭಾರ ಬೇರೆ. ಹಾಗಾಗಿ ಅಲ್ಯೂಮಿನಿಯಂ ಏಣಿ ಬಂತು. ಕೊಳ್ಳುವ ಧಣಿಗೆ ಬೇಕಾದ್ದೆಲ್ಲ ಅದರಲ್ಲಿತ್ತು: ಹಗುರ, ಬಾಳಿಕೆ, ಉದ್ದ. ಹತ್ತುವವನಿಗೆ ಬೇಕಾದ ಒಂದು ಗುಣ, ಕರೆಂಟನ್ನು ಸುಲಭವಾಗಿ ಹಾಯಲು ಬಿಡದಿರುವುದು, ಮಾತ್ರ ಬಿದಿರಿನ ಜೊತೆಗೇ ಹೋಯಿತು. ತೋಟದ ಮೇಲೆ ಕರೆಂಟಿನ ತಂತಿ ಹಾದು ಹೋಗಿರುತ್ತದೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಸೊಪ್ಪಿನಲ್ಲಿ ಅದು ಕಾಣುವುದಿಲ್ಲ. ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ನಿಲ್ಲಿಸಿಕೊಂಡೇ ಒಯ್ಯುತ್ತಾರೆ. ತಂತಿಗೆ ತಗುಲಿ ಜೀವ ಹೋದ ಸುದ್ದಿಗಳನ್ನು ತಾವೇ ಅಚ್ಚು ಹಾಕಿದ್ದೀರಿ. ಒಂದು ದಿನ ಮೆಣಸು ಕೊಯ್ಯುವವರ ಹಿಂದೆ ನಡೆದಿದ್ದರೆ, ಏಣಿ ಹತ್ತುವುದಕ್ಕಿಂತ ಏಣಿ ಸಾಗಿಸುವುದರಲ್ಲೇ ಅಪಾಯ ಎನ್ನುವುದು ಮೊದಲ ಗಂಟೆಯಲ್ಲಿ ಕಾಣುತ್ತಿತ್ತು. ಈಗ ಫೈಬರ್ ಏಣಿಗಳು ಬಂದಿವೆ, ಆದರೆ ಬೆಲೆ ಜಾಸ್ತಿ ಎಂದು ಎಷ್ಟೋ ತೋಟಗಳಲ್ಲಿ ಹಳೆಯದೇ ಇದೆ. ನನ್ನ ಅಂಗಡಿಗೆ ಬರುವ ಕೆಲವು ಅಲ್ಯೂಮಿನಿಯಂ ಏಣಿಗಳ ಮೇಲ್ತುದಿಗೆ ಮೋಟರ್ ಬೈಕಿನ ಟ್ಯೂಬು ಸುತ್ತಿರುತ್ತಾರೆ. ಹಾಗೆ ಸುತ್ತಿದರೆ ಕಾಪಾಡುತ್ತದೆ ಎಂದು ದಯವಿಟ್ಟು ಯಾರೂ ನಂಬಬೇಡಿ. ಆದರೆ ಸುತ್ತಿದ ಕೈಗೆ ಏನು ಭಯ ಇತ್ತು ಎನ್ನುವುದನ್ನು ಓದಿಕೊಳ್ಳಿ.

ನಮ್ಮ ಪಕ್ಕದ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಒಂದು ತಳಿ ಬಿಡುಗಡೆ ಮಾಡುವ ಮುಂಚೆ ವರ್ಷಾನುಗಟ್ಟಲೆ ಬೇರೆ ಬೇರೆ ಎತ್ತರ, ಮಳೆ, ಮಣ್ಣಿನಲ್ಲಿ ನೆಟ್ಟು ನೋಡುತ್ತಾರೆ. ಗಿಡದ ಮಟ್ಟಿಗೆ ಇಷ್ಟು ತಾಳ್ಮೆ ಇದೆ. ಗಿಡದ ಕೆಳಗೆ ಬಗ್ಗಿ ಕೆಲಸ ಮಾಡುವವರ ಸೊಂಟದ ಅಳತೆ ತೆಗೆಯಲು ಒಂದು ದಿನವೂ ಇಲ್ಲ.

ಊರಿಗೆಲ್ಲ ಬುದ್ಧಿ ಹೇಳುವ ನಾನೂ ಸಾಚಾ ಅಲ್ಲ. ಕಣದಲ್ಲಿ ಕಾಫಿ ಹರಡಲು, ಎಳೆಯಲು ನನ್ನಾಕೆಗೆ ಮರದ ಹಲಗೆ ಇತ್ತು. ಹುಟ್ಟುಹಬ್ಬಕ್ಕೆ ಎಂದು ಕಬ್ಬಿಣದ ಶೀಟು, ಪೈಪಿನ ಹಿಡಿಕೆ ಹಾಕಿ ಹೊಸದು ಮಾಡಿಕೊಟ್ಟೆ. ನೀಲಿ ಬಣ್ಣ ಬೇರೆ ಹೊಡೆದಿದ್ದೆ. ಎರಡು ದಿನ ಬಳಸಿದಳು. ಬಿಸಿಲಿಗೆ ಹಿಡಿಕೆ ಕಾಯುತ್ತದೆ, ಶೀಟಿನ ಅಂಚು ಕಣದ ನೆಲ ಕೆರೆಯುತ್ತದೆ, ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ತಿರುಳು ತೆಗೆದು ಒಣಗಲು ಹಾಕಿದ ಕಾಫಿ ಬೀಜದ, ಸಿಪ್ಪೆ ಒಡೆಯುತ್ತದೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅವಳು ಹೇಳಿರಲಿಲ್ಲ. ಒಂದು ದಿನ ನೋಡಿದರೆ ಆ ನೀಲಿ ಹಲಗೆ ಕೊಟ್ಟಿಗೆಯ ಬಾಗಿಲಿಗೆ ಒತ್ತು ಕೊಟ್ಟಿತ್ತು. ‘ಹೇಳಬಾರದಿತ್ತಾ?’ ಎಂದರೆ, ‘ಮಾಡೋಕ್ಕೆ ಮುಂಚೆ ಕೇಳಿದ್ರಾ?’ ಎಂದಳು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದವರಿಗೇ ಹೀಗೆ.

ಹಾಗಾಗಿ ಕಾಲೇಜಿನವರಲ್ಲಿ, ಕಂಪನಿ ಶುರು ಮಾಡುವ ಹುಡುಗರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಪ್ರಾಜೆಕ್ಟಿನ ಮೊದಲ ತಿಂಗಳು ಏನನ್ನೂ ಮಾಡಬೇಡಿ. ನಕ್ಷೆಯನ್ನೂ ಬರೆಯಬೇಡಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಆಮೇಲೆ ಮಾರ್ಚ್‌ವರೆಗೆ. ನಿಮ್ಮ ಪರೀಕ್ಷೆಯ ವೇಳಾಪಟ್ಟಿಗೆ ಗಿಡ ಹಣ್ಣು ಬಿಡುವುದಿಲ್ಲ, ನೀವೇ ಹೊಂದಿಸಿಕೊಳ್ಳಿ. ಬೆಳಿಗ್ಗೆ ಕೆಲಸದವರ ಜೀಪಿನಲ್ಲೇ ಬನ್ನಿ, ಸಂಜೆ ತೂಕ ಹಾಕುವವರೆಗೆ ಇರಿ. ಮಾತಾಡುವುದಿದ್ದರೆ ಧಣಿಯ ಎದುರು ಬೇಡ. ಯಾರನ್ನಾದರೂ ಅರ್ಧ ಗಂಟೆ ನಿಲ್ಲಿಸಿಕೊಂಡರೆ ಅಷ್ಟು ಹೊತ್ತಿನ ಕೊಯ್ಲಿನ ದುಡ್ಡು ಕೊಟ್ಟು ಕೇಳಿ. ಮಾರ್ಕು ಹಾಕುವ ಮೇಷ್ಟ್ರುಗಳೂ ಒಂದು ಉಪಕಾರ ಮಾಡಬೇಕು. ‘ತಿಂಗಳು ಸುತ್ತಿ ನೋಡಿದೆವು, ನಾವು ಅಂದುಕೊಂಡ ಯಂತ್ರ ಯಾರಿಗೂ ಬೇಡ’ ಎಂದು ಬರೆದು ತಂದ ಮಕ್ಕಳಿಗೂ ಮಾರ್ಕು ಕೊಡಿ. ಈಗ ಅಂಥವರು ಫೇಲು, ಕುಂಡದ ಗಿಡ ಅಲ್ಲಾಡಿಸಿದವರಿಗೆ ಬಹುಮಾನ.

ತಾವೂ ಮುಂದೆ ಇಂಥ ಸುದ್ದಿ ಹಾಕುವಾಗ ವರದಿಗಾರರಿಗೆ ಒಂದು ಪ್ರಶ್ನೆ ಸೇರಿಸಲು ಹೇಳಿ: ಇದನ್ನು ಮಾಡುವ ಮುಂಚೆ ಎಷ್ಟು ದಿನ ತೋಟದಲ್ಲಿ ಇದ್ದಿರಿ?

ಪತ್ರ ಉದ್ದವಾಯಿತು, ಕತ್ತರಿ ಹಾಕುವುದಿದ್ದರೆ ನನ್ನಾಕೆಯ ಹಲಗೆಯ ಭಾಗಕ್ಕೆ ಹಾಕಿ, ಅವಳೂ ಪತ್ರಿಕೆ ಓದುತ್ತಾಳೆ.

ಫೋಟೊದಲ್ಲಿದ್ದ ಆ ಐದೂ ಮಕ್ಕಳು ಯಾವತ್ತಾದರೂ ಆಲ್ದೂರಿಗೆ ಬರಲಿ. ಅಟ್ಟದ ಮೇಲಿನದ್ದೆಲ್ಲ ಇಳಿಸಿ ಕೊಡುತ್ತೇನೆ, ಬಿಚ್ಚಿ ನೋಡಲಿ. ಮಳೆಗಾಲದ ಮುಂಚಿನ ಬೋರ್ಡೋ ದಿನಗಳಾದರೆ ಇನ್ನೂ ಒಳ್ಳೆಯದು, ಒಂದೇ ಬೆಳಿಗ್ಗೆ ಹದಿನೈದು ಸ್ಪ್ರೇಯರ್ ಬರುತ್ತವೆ. ಭಾನುವಾರ ಮಧ್ಯಾಹ್ನದವರೆಗೂ ಅಂಗಡಿ ತೆರೆದಿರುತ್ತದೆ. ಹಳೇ ಬಟ್ಟೆ ಹಾಕಿಕೊಂಡು ಬರಲು ಹೇಳಿ, ಬೆಂಚಿನ ಎಡಗಡೆ ಗ್ರೀಸ್ ಇದೆ.

ಇಂತಿ,
ಒಬ್ಬ ರಿಪೇರಿಯವ
ಆಲ್ದೂರು, ಚಿಕ್ಕಮಗಳೂರು ತಾಲೂಕು